ನಷ್ಟ ಅಂತ ಗೊತ್ತಿದ್ದೂ ಸರ್ಕಾರಗಳಿಗೆ ಒಲಿಂಪಿಕ್ಸ್ ಯಾಕೆ ಬೇಕು?

ಪ್ರಶ್ನೆ: ಸರ್, 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದ್‌ಗೆ ಸಿಕ್ಕಿದೆ, 2036ರ ಒಲಿಂಪಿಕ್ಸ್‌ಗೂ ಭಾರತ ಪ್ರಯತ್ನ ಮಾಡ್ತಿದೆ. ಇಂಥ ಕೂಟ ನಡೆಸಿದ ದೇಶಗಳು ಸಾಲ ಮಾಡ್ಕೊಂಡು ಕೂತಿವೆ ಅಂತ ಎಲ್ಲಾ ಕಡೆ ಓದ್ತೀವಿ. ಹಂಗಿದ್ರೂ ಸರ್ಕಾರಗಳು ಇದಕ್ಕೆ ಯಾಕೆ ಮುಗಿಬೀಳ್ತಾವೆ? ಜನಕ್ಕೆ ನಿಜವಾಗ್ಲೂ ಏನಾದ್ರೂ ಲಾಭ ಇದ್ಯಾ? ನಮ್ಮ ಬೆಂಗಳೂರಿಗೆ ಇಂಥದ್ದೊಂದು ಬಂದ್ರೆ ಒಳ್ಳೇದಾ?

ಉತ್ತರ: ಮೊದ್ಲು ನೇರವಾಗಿ ಹೇಳಿಬಿಡ್ತೀನಿ, ದುಡ್ಡಿಗೋಸ್ಕರ ಅಂತೂ ಅಲ್ಲ. ಲಾಭ ಬರುತ್ತೆ, ಟೂರಿಸಂ ಬೆಳೆಯುತ್ತೆ, ಲಕ್ಷಾಂತರ ಜನಕ್ಕೆ ಕೆಲಸ ಸಿಗುತ್ತೆ ಅಂತ ಬಿಡ್ ಹಾಕೋವಾಗ ಎಲ್ಲ ಸರ್ಕಾರಗಳೂ ಹೇಳ್ತಾವೆ, ಆದ್ರೆ ಅದೇ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಕೂತಿರೋ ಅಧಿಕಾರಿಗಳಿಗೆ ಲೆಕ್ಕ ಚೆನ್ನಾಗೇ ಗೊತ್ತಿರುತ್ತೆ. ನಾನು ಕಾಲೇಜಲ್ಲಿ ಸಾರ್ವಜನಿಕ ಹಣಕಾಸು ಪಾಠ ಮಾಡ್ಕೊಂಡು ಬಂದವನು, ಇಂಥ ಕೂಟಗಳ ಖರ್ಚುವೆಚ್ಚದ ವರದಿಗಳನ್ನ ವರ್ಷಗಟ್ಟಲೆ ಓದಿದೀನಿ, ಓದಿ ಓದಿ ನನಗೆ ಗಟ್ಟಿಯಾಗಿರೋ ಅಭಿಪ್ರಾಯ ಏನಂದ್ರೆ ಸರ್ಕಾರಗಳು ಇಷ್ಟೊಂದು ದುಡ್ಡು ಸುರಿದು ಕೊಂಡ್ಕೊಳ್ಳೋದು ಒಂದು ತಾರೀಕನ್ನ. ಮುಂದಕ್ಕೆ ಹಾಕೋಕಾಗದ ತಾರೀಕು, ಆವತ್ತು ಜಗತ್ತೆಲ್ಲ ನಮ್ಮ ಮನೆ ಕಡೆ ನೋಡ್ತಾ ಕೂತಿರೋ ತಾರೀಕು.

ನಮ್ಮ ಮನೆಗಳಲ್ಲೇ ನೋಡಿ. ಹತ್ತು ವರ್ಷದಿಂದ ಸುಣ್ಣ ಕಾಣದ ಗೋಡೆ, ಸೋರೋ ಸೂರು, ಕೀಲು ಕಿತ್ತ ಬಾಗಿಲು ಎಲ್ಲ ಹಂಗೇ ಇರ್ತಾವೆ, ಮಗಳ ಮದುವೆ ಗೊತ್ತಾಯ್ತು ಅಂದ್ರೆ ಮೂರೇ ತಿಂಗಳಲ್ಲಿ ಅಷ್ಟೂ ರಿಪೇರಿ ಆಗಿಬಿಡುತ್ತೆ. ದುಡ್ಡು ಎಲ್ಲಿಂದ ಬಂತು, ಸಾಲದಿಂದ. ಸಾಲ ಮುಂಚೇನೂ ಸಿಗ್ತಿತ್ತು, ಆದ್ರೆ ಮುಂಚೆ ಮುಹೂರ್ತ ಇರ್ಲಿಲ್ಲ, ಬೀಗರು ಬಂದು ನೋಡ್ತಾರೆ ಅನ್ನೋ ಅಂಜಿಕೆ ಇರ್ಲಿಲ್ಲ. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತಾರಲ್ಲ, ಒಲಿಂಪಿಕ್ಸ್ ಅಂದ್ರೆ ಒಂದೇ ಮುಹೂರ್ತಕ್ಕೆ ಅವೆರಡನ್ನೂ ಮಾಡೋದು. ಮೈಸೂರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ವರ್ಷವೆಲ್ಲ ಬಾಯಿಬಿಟ್ಕೊಂಡಿರೋ ಗುಂಡಿಗಳು ದಸರಾ ಹತ್ರ ಬಂದಾಗ ಮುಚ್ಚಿಕೊಳ್ಳೋದನ್ನ ಅವರು ನೋಡ್ಕೊಂಡೇ ಬಂದಿದಾರೆ.

ದುಡ್ಡಿನ ವಿಚಾರ ಮೊದ್ಲು ಮುಗಿಸೋಣ. ಇಂಥ ಕೂಟದಲ್ಲಿ ನಿಜವಾದ ಆದಾಯ ಇರೋದು ಟಿವಿ ಹಕ್ಕಲ್ಲಿ, ಜಗತ್ತಿನ ದೊಡ್ಡ ಕಂಪನಿಗಳ ಪ್ರಾಯೋಜಕತ್ವದಲ್ಲಿ. ಆ ಹಕ್ಕು ಆತಿಥ್ಯ ವಹಿಸೋ ದೇಶದ್ದಲ್ಲ, ಒಲಿಂಪಿಕ್ಸ್ ಆದ್ರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದ್ರೆ ಐಒಸಿಯದ್ದು, ವಿಶ್ವಕಪ್ ಫುಟ್ಬಾಲ್ ಆದ್ರೆ ಫಿಫಾದ್ದು. ಐಒಸಿ ತನ್ನ ಆದಾಯದಲ್ಲಿ ಒಂದು ಪಾಲನ್ನ ಸ್ಥಳೀಯ ಸಂಘಟನಾ ಸಮಿತಿಗೆ ಕೊಡುತ್ತೆ, ಅದಕ್ಕೆ ಟಿಕೆಟ್ ದುಡ್ಡು, ಲೋಕಲ್ ಸ್ಪಾನ್ಸರ್‌ಗಳ ದುಡ್ಡು ಸೇರಿಸಿದ್ರೆ ಆ ಎರಡು ಮೂರು ವಾರ ಕೂಟ ನಡೆಸೋ ಖರ್ಚು ಹೆಚ್ಚುಕಮ್ಮಿ ಹೊಂದಿಕೊಳ್ಳುತ್ತೆ. ಸರ್ಕಾರಗಳು "ನಮಗೆ ನಷ್ಟ ಆಗಿಲ್ಲ" ಅಂತ ಹೇಳೋವಾಗ ತೋರಿಸೋದು ಈ ಲೆಕ್ಕಾನ. ಸ್ಟೇಡಿಯಂ, ಕ್ರೀಡಾಗ್ರಾಮ, ರಸ್ತೆ, ಮೆಟ್ರೊ, ಏರ್‌ಪೋರ್ಟ್, ಸಾವಿರಾರು ಪೊಲೀಸರ ಬಂದೋಬಸ್ತು, ಇವೆಲ್ಲ ಬೇರೆ ಪುಸ್ತಕದಲ್ಲಿ, ಸರ್ಕಾರದ ಖಜಾನೆಯ ಪುಸ್ತಕದಲ್ಲಿ ಇರುತ್ತೆ. ಇನ್ನೊಂದು ಮಾತು, ಆತಿಥ್ಯದ ಒಪ್ಪಂದಕ್ಕೆ ಸಹಿ ಹಾಕೋವಾಗಲೇ ಖರ್ಚು ಹೆಚ್ಚಾದ್ರೆ ನಾವು ಕಟ್ಟಿಕೊಡ್ತೀವಿ ಅಂತ ಗ್ಯಾರಂಟಿ ಬರ್ಕೊಡಬೇಕು. ಅಲ್ಲಿಗೆ ಆದಾಯದ ಮುಖ್ಯ ಭಾಗ ಅವರದ್ದು, ಹೊರೆ ನಮ್ಮದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1960ರಿಂದ ಈಚಿನ ಒಲಿಂಪಿಕ್ಸ್‌ಗಳಲ್ಲಿ ಲೆಕ್ಕ ಸಿಕ್ಕಿದ ಅಷ್ಟನ್ನೂ ತೆಗೆದು ನೋಡಿದ್ರು, ಅಂದಾಜಿನೊಳಗೆ ಮುಗಿದ ಕೂಟ ಒಂದೂ ಸಿಗಲಿಲ್ಲ, ಸರಾಸರಿ ತೆಗೆದ್ರೆ ಖರ್ಚು ಅಂದಾಜಿನ ದುಪ್ಪಟ್ಟಿಗಿಂತ ಜಾಸ್ತಿ.

ಕೆನಡಾದ ಮಾಂಟ್ರಿಯಲ್ ಕಥೆ ನೀವು ಕೇಳಿರಬಹುದು. 1976ರ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿನ ಮೇಯರ್ ಜೀನ್ ಡ್ರಾಪೊ, ಗಂಡಸಿಗೆ ಮಗು ಹುಟ್ಟಿದ್ರೆ ಮಾತ್ರ ಒಲಿಂಪಿಕ್ಸ್‌ನಲ್ಲಿ ನಷ್ಟ ಆದೀತು ಅನ್ನೋ ಅರ್ಥದ ಮಾತು ಹೇಳಿದ್ರು. ಆ ನಷ್ಟದ ಸಾಲ ತೀರಿದ್ದು 2006ಕ್ಕೆ, ಪೂರ್ತಿ 30 ವರ್ಷ, ಅಲ್ಲೀವರೆಗೂ ಆ ಊರಿರೋ ಕ್ವಿಬೆಕ್ ಪ್ರಾಂತ್ಯದಲ್ಲಿ ಸಿಗರೇಟು ಸೇದಿದವರು ತಂಬಾಕು ತೆರಿಗೆಯಲ್ಲಿ ಆ ಸ್ಟೇಡಿಯಂ ಸಾಲ ಕಟ್ತಾ ಹೋದ್ರು. ಅದನ್ನ ನೋಡಿ ಹೆದರಿ 1984ರ ಒಲಿಂಪಿಕ್ಸ್ ಬೇಕು ಅಂತ ಕೊನೇವರೆಗೂ ನಿಂತಿದ್ದು ಲಾಸ್ ಏಂಜಲೀಸ್ ಒಂದೇ. ಬೇರೆ ಗಿರಾಕಿ ಇಲ್ಲ ಅಂದ್ಮೇಲೆ ಆ ನಗರ ತನ್ನ ಷರತ್ತು ಹಾಕ್ತು, ನಷ್ಟದ ಹೊಣೆ ನಗರದ ತೆರಿಗೆದಾರರದ್ದಲ್ಲ ಅಂತು, 1932ರ ಒಲಿಂಪಿಕ್ಸ್ ನಡೆದಿದ್ದ ಹಳೇ ಕೊಲಿಸಿಯಂ ಸ್ಟೇಡಿಯಂನಲ್ಲೇ ಕೂಟ ಮಾಡ್ತು, ಆಟಗಾರರನ್ನ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಇಳಿಸ್ತು. 20 ಕೋಟಿ ಡಾಲರ್‌ಗೂ ಹೆಚ್ಚು ಉಳೀತು. ಒಲಿಂಪಿಕ್ಸ್‌ನಲ್ಲಿ ದುಡ್ಡು ಮಾಡಬಹುದು ಅಂತ ವಾದಿಸೋವ್ರು ಈಗ್ಲೂ ಈ ಉದಾಹರಣೆ ಕೊಡ್ತಾರೆ, ಆದ್ರೆ ಅಲ್ಲಿ ಉಳಿದಿದ್ದು ಹೊಸದಾಗಿ ಏನೂ ಹೆಚ್ಚು ಕಟ್ಟಲಿಲ್ಲ ಅನ್ನೋ ಕಾರಣಕ್ಕೆ, ಅದನ್ನ ಹೇಳೋದು ಮರೆತುಬಿಡ್ತಾರೆ.

ಈಗ ತಾರೀಕಿನ ವಿಚಾರಕ್ಕೆ ಬರ್ತೀನಿ, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಇಲ್ಲಿ.

ಜಪಾನಿನ ಬುಲೆಟ್ ಟ್ರೇನು ಶಿಂಕಾನ್‌ಸೆನ್ ಮೊದಲ ಸಲ ಓಡಿದ್ದು 1964ರ ಅಕ್ಟೋಬರ್ 1ಕ್ಕೆ. ಟೋಕಿಯೊ ಒಲಿಂಪಿಕ್ಸ್ ಶುರುವಾಗಿದ್ದು ಅಕ್ಟೋಬರ್ 10ಕ್ಕೆ. ಒಂಬತ್ತೇ ದಿನದ ಅಂತರ. ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ನಗರ ಇಪ್ಪತ್ತು ವರ್ಷ ತುಂಬೋದ್ರೊಳಗೆ ಎತ್ತರದ ರಸ್ತೆ, ಮಾನೋರೈಲು, ಬುಲೆಟ್ ಟ್ರೇನು ಎಲ್ಲ ಒಂದೇ ದಿನಕ್ಕೆ ಗುರಿಯಿಟ್ಟು ಮುಗಿಸ್ತು. ಜ್ಯೋತಿ ಬೆಳಗಿಸೋಕೆ ಅವರು ಆರಿಸಿದ್ದು ಹಿರೋಶಿಮಾ ಮೇಲೆ ಬಾಂಬು ಬಿದ್ದ 1945ರ ಆಗಸ್ಟ್ 6ರಂದೇ ಅದೇ ಪ್ರಾಂತ್ಯದಲ್ಲಿ ಹುಟ್ಟಿದ್ದ ಯೊಶಿನೊರಿ ಸಕಾಯಿ ಅನ್ನೋ ಹುಡುಗನ್ನ. ಆ ಒಂದು ದೃಶ್ಯದಲ್ಲಿ ಜಪಾನ್ ಜಗತ್ತಿಗೆ ಏನು ಹೇಳ್ಬೇಕೋ ಅದನ್ನೆಲ್ಲ ಹೇಳಿಬಿಡ್ತು, ಈಗ್ಲೂ ಅದನ್ನ ನೆನೆಸ್ಕೊಂಡ್ರೆ ನನಗೆ ಮೈ ಜುಂ ಅನ್ನುತ್ತೆ.

ಸರ್ಕಾರದ ಒಳಗೆ ಕೆಲಸ ಹೆಂಗೆ ನಡೆಯುತ್ತೆ ಅಂತ ಗೊತ್ತಿದ್ರೆ ಈ ತಾರೀಕಿನ ಬೆಲೆ ಅರ್ಥ ಆಗುತ್ತೆ. ಮಾಮೂಲಿ ದಿನಗಳಲ್ಲಿ ಒಂದು ಮೇಲ್ಸೇತುವೆಗೆ ಭೂಸ್ವಾಧೀನ ಒಂದು ಇಲಾಖೆ, ನೀರಿನ ಪೈಪ್ ಇನ್ನೊಂದು, ಕರೆಂಟ್ ಕಂಬ ಮತ್ತೊಂದು, ಹಣಕಾಸು ಇಲಾಖೆ ಮುಂದಿನ ವರ್ಷ ನೋಡೋಣ ಅನ್ನುತ್ತೆ, ಫೈಲು ಮೇಜಿಂದ ಮೇಜಿಗೆ ಅಲೀತಾ ಇರುತ್ತೆ, ಯಾರಿಗೂ ಅವಸರ ಇಲ್ಲ, ತಡ ಆದ್ರೆ ಯಾರ ತಲೆನೂ ಹೋಗಲ್ಲ. ಅದೇ ಕೂಟದ ಹೆಸರು ಫೈಲ್ ಮೇಲೆ ಬಂತು ಅಂದ್ರೆ ಇಲ್ಲ ಅನ್ನೋ ಧೈರ್ಯ ಯಾವ ಅಧಿಕಾರಿಗೂ ಬರಲ್ಲ, ವಿರೋಧ ಪಕ್ಷದವರೂ ಜೋರಾಗಿ ವಿರೋಧಿಸಲ್ಲ, ಯಾಕಂದ್ರೆ ಮಾತು ದೇಶದ ಮರ್ಯಾದೆಗೆ ಬಂದಿರುತ್ತೆ. ಲಂಡನ್‌ಗೆ 2012ರ ಒಲಿಂಪಿಕ್ಸ್ ತಂದಾಗ ಮೇಯರ್ ಆಗಿದ್ದ ಕೆನ್ ಲಿವಿಂಗ್‌ಸ್ಟನ್ ಇದನ್ನ ಬಾಯಿಬಿಟ್ಟೇ ಹೇಳಿದ್ರು, ನಾನು ಬಿಡ್ ಹಾಕಿದ್ದು ಮೂರು ವಾರದ ಆಟ ನೋಡೋಕಲ್ಲ, ಪೂರ್ವ ಲಂಡನ್ ಅಭಿವೃದ್ಧಿಗೆ ಸರ್ಕಾರದಿಂದ ಕೋಟಿಗಟ್ಟಲೆ ಪೌಂಡ್ ಹೊರಡಿಸೋಕೆ ಬೇರೆ ದಾರಿನೇ ಇರ್ಲಿಲ್ಲ ಅಂತ. ಅಲ್ಲಿನ ಸ್ಟ್ರಾಟ್‌ಫರ್ಡ್ ಸುತ್ತಮುತ್ತ ಹಳೇ ಕಾರ್ಖಾನೆಗಳ ವಿಷ ಹೀರಿದ್ದ ನೆಲ ಇತ್ತು, ಮಣ್ಣು ತೊಳೆದು ಅಲ್ಲಿ ಪಾರ್ಕು, ಮನೆ, ರೈಲು ತಂದ್ರು. ಬಿಡ್ ಹಾಕೋವಾಗ ಸುಮಾರು 240 ಕೋಟಿ ಪೌಂಡ್ ಅಂದಿದ್ದು ಆಮೇಲೆ 930 ಕೋಟಿಯ ಪ್ಯಾಕೇಜ್ ಆಯ್ತು, ಅದೂ ನಿಜ. ಮೊದಲೇ ಆ ಅಂಕಿ ಹೇಳಿದ್ರೆ ಬ್ರಿಟನ್ ಒಪ್ತಿತ್ತಾ? ನನಗೇನೋ ಅನುಮಾನ.

ಬಾರ್ಸಿಲೋನಾ 1992 ಈ ವಿಷಯದಲ್ಲಿ ಎಲ್ಲರೂ ಹೊಗಳೋ ಊರು, ಹೊಗಳಿಕೆ ಸರಿಯಾಗೇ ಇದೆ. ಅಲ್ಲಿ ಖರ್ಚಿನ ಬಹುಪಾಲು ಹೋಗಿದ್ದು ರಿಂಗ್ ರೋಡಿಗೆ, ಚರಂಡಿಗೆ, ಸಮುದ್ರ ದಂಡೆಗೆ. ರೈಲು ಹಳಿ ಮತ್ತು ಗೋಡೌನುಗಳ ಹಿಂದೆ ಮುಚ್ಚಿಹೋಗಿದ್ದ ಕಡಲು ಊರಿನ ಜನಕ್ಕೆ ಮತ್ತೆ ಸಿಕ್ತು. ಆದ್ರೆ ಅಲ್ಲಿ ಊರಿನ ನಕ್ಷೆ ಮೊದಲೇ ತಯಾರಿತ್ತು, ಒಲಿಂಪಿಕ್ಸ್ ಆಮೇಲೆ ಬಂತು.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆ 1982ರ ದೆಹಲಿ ಏಷ್ಯನ್ ಗೇಮ್ಸ್. ಆನೆಮರಿ ಅಪ್ಪು ನೆನಪಿರಬಹುದು. ಜವಾಹರಲಾಲ್ ನೆಹರೂ ಸ್ಟೇಡಿಯಂ, ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣ, ದೆಹಲಿಯ ಸಾಲು ಸಾಲು ಫ್ಲೈಓವರ್‌ಗಳು, ಎಲ್ಲ ಆ ನವೆಂಬರ್ 19ರ ಉದ್ಘಾಟನೆಗೆ ಕಟ್ಟಿದ್ದು. ಬಣ್ಣದ ಟಿವಿ ನಮ್ಮ ದೇಶಕ್ಕೆ ಬಂದಿದ್ದೂ ಅದೇ ವರ್ಷ, ಅದೇ ನೆಪದಲ್ಲಿ. ಬೆಂಗಳೂರಲ್ಲಿ ದೂರದರ್ಶನ ಶುರುವಾಗಿ ಆಗಿನ್ನೂ ಒಂದು ವರ್ಷ ಆಗಿತ್ತಷ್ಟೆ, ನಮ್ಮ ಬೀದಿಯಲ್ಲಿ ಟಿವಿ ಇದ್ದಿದ್ದು ಒಂದೇ ಮನೆಯಲ್ಲಿ, ಅವರ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಮೂವತ್ತು ಜನ ಕೂತು ಏಷ್ಯಾಡ್ ನೋಡಿದ್ವಿ, ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಕೈಲಿ 7-1ರಲ್ಲಿ ಸೋತಾಗ ಆ ಮನೆಯ ಅಜ್ಜ ಎದ್ದುಹೋಗಿ ಹೊರಗಡೆ ಜಗಲಿ ಮೇಲೆ ಕೂತಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಂಗಳೂರಿಗೂ ಸಣ್ಣ ಪ್ರಮಾಣದಲ್ಲಿ ಇದರ ಅನುಭವ ಇದೆ. ಚಿನ್ನಸ್ವಾಮಿ ಸ್ಟೇಡಿಯಂಗೆ ಫ್ಲಡ್‌ಲೈಟ್ ಬಂದಿದ್ದು 1996ರ ವಿಶ್ವಕಪ್‌ಗೆ, ಮಾರ್ಚ್ 9ರ ಭಾರತ-ಪಾಕಿಸ್ತಾನ ಕ್ವಾರ್ಟರ್‌ಫೈನಲ್‌ಗೆ. ಮರುವರ್ಷ, 1997ರಲ್ಲಿ, ರಾಷ್ಟ್ರೀಯ ಕ್ರೀಡಾಕೂಟ ಬಂತು, ಕೋರಮಂಗಲದಲ್ಲಿ ಆಟಗಾರರಿಗೆ ಅಂತ ಕಟ್ಟಿದ ಫ್ಲ್ಯಾಟುಗಳಿಗೆ ಇವತ್ತಿಗೂ ನ್ಯಾಷನಲ್ ಗೇಮ್ಸ್ ವಿಲೇಜ್ ಅಂತಾನೇ ಹೆಸರು, ಆಟೋದವರಿಗೆ ಎನ್‌ಜಿವಿ ಅಂದ್ರೆ ಸಾಕು. ಅಲ್ಲಿ ಕೂಟ ಮುಗಿದ ಮೇಲೂ ಜನ ವಾಸ ಮಾಡ್ತಿದಾರೆ, ಆ ಕಟ್ಟಡಕ್ಕೆ ಎರಡನೇ ಜೀವನ ಸಿಕ್ತು. ಇಂಥ ಕೂಟ ಗೆದ್ದಿತಾ ಸೋತಿತಾ ಅಂತ ಅಳೆಯೋಕೆ ನಾನು ಪದಕಪಟ್ಟಿಗಿಂತ ಮೊದಲು ನೋಡೋದು ಇದನ್ನೇ.

ಎರಡನೇ ಜೀವನ ಸಿಗದೇ ಹೋದ್ರೆ ಏನಾಗುತ್ತೆ ಅನ್ನೋಕೆ ಅಥೆನ್ಸ್ ನೋಡಿ. 2004ಕ್ಕೆ ಅಲ್ಲಿ ಸಾಫ್ಟ್‌ಬಾಲ್‌ಗೂ ಪಕ್ಕಾ ಕ್ರೀಡಾಂಗಣ ಕಟ್ಟಿದ್ರು, ಗ್ರೀಕರು ಆಡದ ಆಟ ಅದು, ಕೂಟ ಮುಗೀತಿದ್ದಂಗೆ ಕಳೆ ಬೆಳೀತು. ಗ್ರೀಸ್ ದಿವಾಳಿ ಆಗಿದ್ದಕ್ಕೆ ಒಲಿಂಪಿಕ್ಸೇ ಕಾರಣ ಅಂತ ಹೇಳೋದು ತಪ್ಪು, ಸುಮಾರು 900 ಕೋಟಿ ಯೂರೊ ಖರ್ಚು ಆ ದೇಶದ ಒಟ್ಟು ಸಾಲದ ಮುಂದೆ ಸಣ್ಣದೇ, ಆದ್ರೂ ಸಾಲದಲ್ಲಿ ಮುಳುಗ್ತಿರೋವ್ರ ಕೈಗೆ ಇನ್ನೊಂದು ಕಲ್ಲು ಕೊಟ್ಟಂಗಾಯ್ತು.

ತಾರೀಕಿಗೆ ಇನ್ನೊಂದು ಮುಖ ಇದೆ, ಅದನ್ನ ಹೇಳದಿದ್ರೆ ನಿಮಗೆ ಅರ್ಧ ಸತ್ಯ ಹೇಳ್ದಂಗೆ ಆಗುತ್ತೆ. ಮುಹೂರ್ತ ಗಟ್ಟಿ ಅಂತ ಶಾಮಿಯಾನದವನಿಗೂ ಗೊತ್ತು, ಅಡುಗೆಯವರಿಗೂ ಗೊತ್ತು. ಮದುವೆ ನಾಳಿದ್ದು ಅನ್ನೋವಾಗ ಬಂದು ರೇಟು ಜಾಸ್ತಿ ಅಂದ್ರೆ ನೀವು ಕೊಡ್ಲೇಬೇಕು. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಆಗಿದ್ದು ಇದೇ. ಆ ಕೂಟ ನಮಗೆ ಸಿಕ್ಕಿದ್ದು 2003ರ ನವೆಂಬರ್‌ನಲ್ಲಿ, ಜಮೈಕಾದ ಮಾಂಟೆಗೊ ಬೇನಲ್ಲಿ, ಕೆನಡಾದ ಹ್ಯಾಮಿಲ್ಟನ್ ಎದುರು 46-22 ಮತಗಳಿಂದ. ಪ್ರತಿಯೊಂದು ದೇಶಕ್ಕೂ ತರಬೇತಿಗೆ ಅಂತ 1 ಲಕ್ಷ ಡಾಲರ್ ಕೊಡ್ತೀವಿ ಅಂತ ಮಾತು ಕೊಟ್ಟು ಗೆದ್ದು ಬಂದ್ವಿ. ಕೈಲಿ ಏಳು ವರ್ಷ ಇತ್ತು. ಮೊದಲ ಮೂರ್ನಾಲ್ಕು ವರ್ಷ ಸಮಿತಿ ಯಾರದ್ದು, ಸ್ಟೇಡಿಯಂ ಯಾರ ಜವಾಬ್ದಾರಿ ಅನ್ನೋ ಎಳೆದಾಟದಲ್ಲೇ ಹೋಯ್ತು. ಆಮೇಲೆ ಟೈಮ್ ಇಲ್ಲ ಅಂತ ಹೇಳಿ ಟೆಂಡರ್ ನಿಯಮಗಳಿಗೆ ವಿನಾಯಿತಿ ಮೇಲೆ ವಿನಾಯಿತಿ. 2011ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ) ವರದಿ ಓದಿದ್ರೆ ಅದರ ಸಾರ ಇಷ್ಟೇ, ಅರ್ಥವಾಗದ ವಿಳಂಬ ಮಾಡಿ ಅವಸರಾನ ತಾವೇ ಸೃಷ್ಟಿ ಮಾಡ್ಕೊಂಡ್ರು, ತಾರೀಕು ಬದಲಾಯಿಸೋಕೆ ಆಗಲ್ಲ ಅನ್ನೋ ಕಾರಣಕ್ಕೆ ನಿಯಮಗಳನ್ನ ಬದಲಾಯಿಸಿದ್ರು ಅಂತ. ನನ್ನ ವಿದ್ಯಾರ್ಥಿಗಳಿಗೆ ನಾನು ಪ್ರತಿವರ್ಷ ಓದಿಸ್ತಿದ್ದ ವರದಿ ಅದು. ಕೂಟ ಶುರುವಾಗೋಕೆ ಹನ್ನೆರಡು ದಿನ ಇದ್ದಾಗ, ಸೆಪ್ಟೆಂಬರ್ 21ಕ್ಕೆ, ನೆಹರೂ ಸ್ಟೇಡಿಯಂ ಹತ್ರ ಕಟ್ತಿದ್ದ ಪಾದಚಾರಿ ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕೂಲಿಯವರಿಗೆ ಗಾಯ ಆಯ್ತು, ಕೊನೆಗೆ ಸೇನೆಯ ಎಂಜಿನಿಯರ್‌ಗಳು ಬಂದು ಕೆಲವೇ ದಿನದಲ್ಲಿ ಬೇರೆ ಸೇತುವೆ ಹಾಕಿಕೊಟ್ರು. ಅದೇ ಸ್ಟೇಡಿಯಂ ಮುಂದೆ ಹಾದುಹೋಗೋ ಮೆಟ್ರೊ ಮಾರ್ಗ ಮಾತ್ರ ಸರಿಯಾಗಿ ಉದ್ಘಾಟನೆ ದಿನ, ಅಕ್ಟೋಬರ್ 3ಕ್ಕೆ, ಓಡೋಕೆ ಶುರುವಾಯ್ತು. ಒಂದೇ ಊರು, ಒಂದೇ ತಾರೀಕು, ಒಂದು ಕಡೆ ಹಿಂಗೆ ಇನ್ನೊಂದು ಕಡೆ ಹಂಗೆ.

ಅವಸರದ ಬೆಲೆ ಕೊನೆಗೆ ಬೀಳೋದು ಇಟ್ಟಿಗೆ ಹೊರೋವ್ರ ಮೇಲೆ. 1982ರ ಏಷ್ಯಾಡ್ ಕಟ್ಟಡಗಳಿಗೆ ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದಿಂದ ಬಂದಿದ್ದ ಕೂಲಿಗಳಿಗೆ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ ಅಂತ ಇತ್ತು, ಅದರಲ್ಲಿ 1 ರೂಪಾಯಿ ಕರ್ಕೊಂಡು ಬಂದ ಮೇಸ್ತ್ರಿ ಹಿಡ್ಕೊಳ್ತಿದ್ದ, ಕೈಗೆ ಬರ್ತಿದ್ದಿದ್ದು 8 ರೂಪಾಯಿ 25 ಪೈಸೆ. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಬರೆದ್ರು. ಕಾನೂನು ಓದೋ ಮಕ್ಕಳು ಇವತ್ತಿಗೂ ಅದನ್ನ ಏಷ್ಯಾಡ್ ಕೇಸ್ ಅಂತಾನೇ ಓದ್ತಾರೆ. ಆ ಏಷ್ಯಾಡ್‌ನಲ್ಲಿ ಯಾರಿಗೆ ಎಷ್ಟು ಪದಕ ಬಂತು ಅನ್ನೋದನ್ನ ಜನ ಮರೆತಿದಾರೆ, ಬಡವರಿಗೆ ಅದರಿಂದ ಶಾಶ್ವತವಾಗಿ ಉಳಿದಿದ್ದು ಈ ತೀರ್ಪು.

ಇನ್ನು ಜಗತ್ತು ನೋಡುತ್ತೆ ಅನ್ನೋದರ ಬಗ್ಗೆ. ಕತಾರ್ ಯಾಕೆ 20,000 ಕೋಟಿ ಡಾಲರ್‌ಗೂ ಮೀರಿ ಖರ್ಚು ಮಾಡಿ 2022ರ ವಿಶ್ವಕಪ್ ಮಾಡ್ತು ಅಂತ ತುಂಬಾ ಜನ ಕೇಳ್ತಾರೆ, ಆ ಮೊತ್ತದಲ್ಲಿ ಸ್ಟೇಡಿಯಂಗಳದ್ದು ಸಣ್ಣ ಭಾಗ, ಮೆಟ್ರೊ, ಏರ್‌ಪೋರ್ಟ್, ಲುಸೈಲ್ ಅನ್ನೋ ಹೊಸ ನಗರ, ಎಲ್ಲ ಸೇರಿದೆ. ಅಲ್ಲಿ ವಾಸ ಇರೋದು ಸುಮಾರು 30 ಲಕ್ಷ ಜನ, ಅದರಲ್ಲಿ ಅಲ್ಲಿನ ಪ್ರಜೆಗಳು ಹತ್ತರಲ್ಲಿ ಒಬ್ಬರು. ಒಂದು ಕಡೆ ಸೌದಿ ಅರೇಬಿಯಾ, ಸಮುದ್ರದ ಆಚೆ ಇರಾನ್, ಮಧ್ಯದಲ್ಲಿ ಅಳತೆ ಮೀರಿದ ಗ್ಯಾಸ್. 1990ರಲ್ಲಿ ಪಕ್ಕದ ಕುವೈತನ್ನ ಇರಾಕ್ ಒಂದೇ ದಿನಕ್ಕೆ ನುಂಗಿದ್ದನ್ನ ನೋಡಿದ ಸಣ್ಣ ಶ್ರೀಮಂತ ದೇಶಕ್ಕೆ ಜಗತ್ತಿಗೆಲ್ಲ ತನ್ನ ಹೆಸರು ಗೊತ್ತಿರೋದೇ ಒಂದು ಥರದ ಕಾವಲು. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿ ಇದ್ದ ಒಂದೇ ಭೂಗಡಿನೂ ಮುಚ್ಚಿದ್ವು, ಅದು ತೆರೆದಿದ್ದು 2021ರ ಜನವರಿಗೆ. ಮರುವರ್ಷ ನವೆಂಬರ್ 20ಕ್ಕೆ ವಿಶ್ವಕಪ್ ಉದ್ಘಾಟನೆ ಆದಾಗ ಅದೇ ಸೌದಿಯ ಯುವರಾಜ ಅತಿಥಿಗಳ ಸಾಲಲ್ಲಿ ಬಂದು ಕೂತಿದ್ರು. ಕತಾರ್ ಕೊಂಡ್ಕೊಂಡಿದ್ದು ಆ ದೃಶ್ಯಾನ ಅಂತ ನಾನು ಹೇಳ್ತೀನಿ. ಆ ಸ್ಟೇಡಿಯಂಗಳನ್ನ ಕಟ್ಟಿದ್ದು ಮಾತ್ರ ನೇಪಾಳ, ಬಾಂಗ್ಲಾದೇಶ, ನಮ್ಮ ದೇಶದ ಕೂಲಿಗಳು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಮನೆಗೊಬ್ಬರು ಗಲ್ಫ್‌ನಲ್ಲಿ ಇರೋವಾಗ ಆ ಬಿಸಿಲಲ್ಲಿ ದುಡಿಯೋದು ಅಂದ್ರೇನು ಅಂತ ಅಲ್ಲಿನವರಿಗೆ ಗೊತ್ತು. ಜಗತ್ತು ನೋಡ್ತಿದೆ ಅನ್ನೋ ಕಾರಣಕ್ಕೆ ಕತಾರ್ ಮಾಲೀಕನ ಅನುಮತಿ ಇಲ್ಲದೆ ಕೆಲಸ ಬದಲಾಯಿಸೋಕೆ ಬಿಡ್ತು, ಕನಿಷ್ಠ ವೇತನ ತಂತು, ಅಲ್ಲೀವರೆಗೆ ಎಷ್ಟು ಜೀವ ಹೋಗಿತ್ತು ಅನ್ನೋ ಪ್ರಶ್ನೆ ಹಂಗೇ ಉಳೀತು.

ನೋಡೋ ಕಣ್ಣು ಆಳೋವ್ರಿಗೆ ಮಾತ್ರ ಉಪಯೋಗಕ್ಕೆ ಬರುತ್ತೆ ಅಂತಿಲ್ಲ. ದಕ್ಷಿಣ ಕೊರಿಯಾದ ಸೋಲ್‌ಗೆ 1988ರ ಒಲಿಂಪಿಕ್ಸ್ ಸಿಕ್ಕಿದ್ದು 1981ರಲ್ಲಿ, ಆಗ ಅಲ್ಲಿ ಆಳ್ತಿದ್ದಿದ್ದು ಸೈನ್ಯದ ಜನರಲ್ ಚುನ್ ಡೂ ಹ್ವಾನ್. ತನ್ನ ಆಳ್ವಿಕೆಗೆ ಮರ್ಯಾದೆ ಬರಲಿ ಅಂತ ತಂದ ಕೂಟ ಅದು. 1987ರ ಜೂನ್‌ನಲ್ಲಿ ವಿದ್ಯಾರ್ಥಿಗಳು, ಆಫೀಸಿಗೆ ಹೋಗೋ ಮಧ್ಯಮವರ್ಗದವರು ಎಲ್ಲ ಬೀದಿಗೆ ಇಳಿದ್ರು. ಸೈನ್ಯ ನುಗ್ಗಿಸಿ ರಕ್ತ ಹರಿಸಿದ್ರೆ ಮರುವರ್ಷದ ಒಲಿಂಪಿಕ್ಸ್ ಕೈತಪ್ಪೋ ಭಯ ಸರ್ಕಾರಕ್ಕೆ ಇತ್ತು, ಬೇರೆ ಕಾರಣಗಳೂ ಸೇರ್ಕೊಂಡವು, ಜೂನ್ 29ಕ್ಕೆ ಅಧ್ಯಕ್ಷರ ನೇರ ಚುನಾವಣೆಗೆ ಒಪ್ಕೊಂಡ್ರು. ಆದ್ರೆ ಇದನ್ನ ನಿಯಮ ಅಂತ ತಗೊಳ್ಳೋಕಾಗಲ್ಲ, 1968ರಲ್ಲಿ ಮೆಕ್ಸಿಕೊ ಸರ್ಕಾರ ಒಲಿಂಪಿಕ್ಸ್‌ಗೆ ಹತ್ತೇ ದಿನ ಇದ್ದಾಗ ಟ್ಲಾಟೆಲೊಲ್ಕೊ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸ್ತು, ಕೂಟ ಏನೂ ಆಗದ ಹಾಗೆ ನಡೀತು. 1978ರಲ್ಲಿ ಅರ್ಜೆಂಟೀನಾದ ಸೇನಾ ಸರ್ಕಾರ ವಿಶ್ವಕಪ್ ಗೆದ್ದು ಸಂಭ್ರಮಿಸ್ತಿದ್ದಾಗ ಫೈನಲ್ ನಡೆದ ಸ್ಟೇಡಿಯಂನಿಂದ ಅಷ್ಟೇನೂ ದೂರವಿಲ್ಲದ ನೌಕಾಪಡೆ ಶಾಲೆಯಲ್ಲಿ ಕೈದಿಗಳಿಗೆ ಚಿತ್ರಹಿಂಸೆ ನಡೀತಿತ್ತು.

ವ್ಯಾಪಾರದ ವಿಷಯದಲ್ಲೂ ಈ ನೋಟ ಕೆಲಸ ಮಾಡುತ್ತೆ. ರೋಸ್ ಮತ್ತು ಸ್ಪೀಗಲ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ವಿಚಿತ್ರ ಸಂಗತಿ ತೋರಿಸಿದ್ರು, ಒಲಿಂಪಿಕ್ಸ್ ನಡೆಸಿದ ದೇಶಗಳ ರಫ್ತು ಜಾಸ್ತಿ ಆಗಿದೆ, ಆದ್ರೆ ಬಿಡ್ ಹಾಕಿ ಸೋತ ದೇಶಗಳ ರಫ್ತೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಆಗಿದೆ. ಅಂದ್ರೆ ಫಲ ಕೊಟ್ಟಿದ್ದು ಕೂಟ ಅಲ್ಲ, ನಾವು ಬಾಗಿಲು ತೆರೀತಿದೀವಿ ಅಂತ ಜಗತ್ತಿಗೆ ಕೊಟ್ಟ ಸೂಚನೆ. ಬೀಜಿಂಗ್‌ಗೆ ಒಲಿಂಪಿಕ್ಸ್ ಸಿಕ್ಕಿದ್ದು 2001ರ ಜುಲೈನಲ್ಲಿ, ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿದ್ದು ಅದೇ ಡಿಸೆಂಬರ್‌ನಲ್ಲಿ. ಬಾರ್ಸಿಲೋನಾಗೆ ಸಿಕ್ಕಿದ್ದು 1986ರಲ್ಲಿ, ಸ್ಪೇನ್ ಯುರೋಪಿಯನ್ ಸಮುದಾಯ ಸೇರಿದ್ದೂ ಅದೇ ವರ್ಷ.

ಜನರ ಸಂತೋಷವನ್ನ ಲೆಕ್ಕಕ್ಕೆ ತಗೊಳ್ಳದೆ ಇರೋದೂ ಸರಿಯಲ್ಲ. 2010ರಲ್ಲಿ ದೆಹಲಿಯ ತುಂಬಿದ ಸ್ಟೇಡಿಯಂನಲ್ಲಿ ಮಹಿಳೆಯರ 4x400 ರಿಲೇಯಲ್ಲಿ ಭಾರತಕ್ಕೆ ಚಿನ್ನ ಬಂದಾಗ ಆ ನಾಲ್ವರಲ್ಲಿ ಒಬ್ಬಾಕೆ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ, ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ ಗೆದ್ದಾಕೆ ಕೊಡಗಿನ ಅಶ್ವಿನಿ ಪೊನ್ನಪ್ಪ, ಡಿಸ್ಕಸ್‌ನಲ್ಲಿ ಬೆಳ್ಳಿ ಮೈಸೂರಲ್ಲಿ ಹುಟ್ಟಿದ ವಿಕಾಸ್ ಗೌಡ ಅವರಿಗೆ. ಒಟ್ಟು 101 ಪದಕ, 38 ಚಿನ್ನ. ಮನೆ ಅಂಗಳದಲ್ಲಿ ಕೂಟ ಇದೆ ಅಂತ ತರಬೇತಿಗೆ ಸುರಿದ ದುಡ್ಡಿಗೂ ಈ ಪದಕಗಳಿಗೂ ಸಂಬಂಧ ಇದೆ. ಅಷ್ಟೆಲ್ಲ ಹಗರಣದ ಮಧ್ಯೆನೂ ನಾನು ಆ ರಿಲೇ ನೋಡ್ತಾ ಕಣ್ಣೀರು ಹಾಕಿದೀನಿ.

ಹಂಗಾದ್ರೆ ಈಗ ಯಾಕೆ ಎಷ್ಟೋ ದೇಶಗಳು ಹಿಂದೆ ಸರೀತಿವೆ? ಯಾಕಂದ್ರೆ ಲಾಭ ಪಡೆಯೋವ್ರು ಬೇರೆ, ದುಡ್ಡು ಕಟ್ಟೋವ್ರು ಬೇರೆ ಅಂತ ಜನಕ್ಕೆ ಗೊತ್ತಾಗಿದೆ. ಉದ್ಘಾಟನೆ ದಿನ ವೇದಿಕೆ ಮೇಲೆ ಇರೋದು ಈಗಿನ ಸರ್ಕಾರ, ಸಾಲ ತೀರ್ಸೋದು ಮೂರು ಸರ್ಕಾರ ಆದ್ಮೇಲೆ ಬರೋವ್ರು. ಜನರನ್ನ ನೇರವಾಗಿ ಕೇಳಿದ ಹಲವು ಕಡೆ ಬೇಡ ಅಂದಿದಾರೆ, ಹ್ಯಾಂಬರ್ಗ್ 2015ರಲ್ಲಿ, ಕ್ಯಾಲ್ಗರಿ 2018ರಲ್ಲಿ. 2022ರ ಚಳಿಗಾಲದ ಒಲಿಂಪಿಕ್ಸ್‌ಗೆ ಓಸ್ಲೊ, ಸ್ಟಾಕ್‌ಹೋಮ್ ಎಲ್ಲ ಬಿಟ್ಟುಹೋಗಿ ಕೊನೆಗೆ ಉಳಿದಿದ್ದು ಬೀಜಿಂಗ್ ಮತ್ತು ಕಜಕಸ್ತಾನದ ಅಲ್ಮಾಟಿ, ಎರಡು ಕಡೆನೂ ಕೂಟ ಬೇಕಾ ಅಂತ ಜನರ ಮತ ಕೇಳಿರಲಿಲ್ಲ. 2026ರ ಕಾಮನ್‌ವೆಲ್ತ್ ಗೇಮ್ಸ್ ಒಪ್ಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದಿದ್ದು 600-700 ಕೋಟಿಗೆ ಹೋಗುತ್ತೆ ಅಂತ 2023ರ ಜುಲೈನಲ್ಲಿ ಕೈಬಿಡ್ತು. ಆಮೇಲೆ ಸ್ಕಾಟ್ಲೆಂಡಿನ ಗ್ಲಾಸ್ಗೊ ಅದನ್ನ ಹತ್ತೇ ಕ್ರೀಡೆಗಳಿಗೆ ಇಳಿಸಿ ಒಪ್ಕೊಂಡಾಗ ನಾವು ಪದಕ ಗೆಲ್ಲೋ ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್ ಎಲ್ಲ ಹೋಯ್ತು. 2030ಕ್ಕೆ ಅಹಮದಾಬಾದ್ ಎದುರು ಇದ್ದಿದ್ದು ನೈಜೀರಿಯಾದ ಅಬುಜಾ ಒಂದೇ.

ಇದು ನಮಗೆ ಒಳ್ಳೇ ಸುದ್ದಿ ಅಂತ ನಾನು ಅಂದ್ಕೊಂಡಿದೀನಿ. ಗಿರಾಕಿ ಕಮ್ಮಿ ಆದಾಗ ಚೌಕಾಸಿ ಮಾಡೋ ಶಕ್ತಿ ಬರುತ್ತೆ, 1984ರ ಕೂಟಕ್ಕೆ ಲಾಸ್ ಏಂಜಲೀಸ್ ಮಾಡಿದ್ದು ಅದನ್ನೇ. 2036ರ ಮಾತುಕತೆಯಲ್ಲಿ ನಮ್ಮವರು ಬೇಡಿಕೊಳ್ಳೋ ಸ್ಥಿತಿಯಲ್ಲಿ ಕೂರಬೇಕಾಗಿಲ್ಲ, ಖರ್ಚಿನ ಗ್ಯಾರಂಟಿಗೆ ಮಿತಿ ಹಾಕಿ, ಇರೋ ಕ್ರೀಡಾಂಗಣ ಬಳಸ್ತೀವಿ, ಬೇಕಾದ್ರೆ ಬೇರೆ ಬೇರೆ ಊರಿಗೆ ಹಂಚ್ತೀವಿ ಅಂತ ಕೇಳಬಹುದು. ಅಹಮದಾಬಾದ್ ವಿಷಯದಲ್ಲಿ ನಾಗರಿಕರಾಗಿ ನಾವು ಈಗಿಂದಲೇ ಕೇಳ್ಬೇಕಾಗಿರೋದು, ಸಹಿ ಹಾಕಿದ ಗ್ಯಾರಂಟಿ ಪತ್ರ ಎಲ್ಲಿ, ಪ್ರತಿ ಕಟ್ಟಡಕ್ಕೂ 2031ರಿಂದ ಮಾಲೀಕರು ಯಾರು, ಕರೆಂಟ್ ಬಿಲ್ ಯಾರು ಕಟ್ತಾರೆ, ಜಾಗ ಖಾಲಿ ಮಾಡಿಸಿದವರಿಗೆ ಮನೆ ಎಲ್ಲಿ, ಕೂಲಿಯವರ ಹಾಜರಿ ಪುಸ್ತಕ ಯಾರು ನೋಡ್ತಿದಾರೆ. 2029ರಲ್ಲಿ ಕೇಳಿದ್ರೆ ಟೈಮ್ ಇಲ್ಲ ಅಂತಾರೆ.

ಕೊನೇದಾಗಿ ಬೆಂಗಳೂರು. ನನ್ನ ಉತ್ತರ, ಸದ್ಯಕ್ಕೆ ಬೇಡ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಬಾಗಿಲಲ್ಲಿ 11 ಜನ ಕಾಲ್ತುಳಿತಕ್ಕೆ ಸತ್ತ ಊರು ನಮ್ಮದು, ಒಂದು ಸಂಜೆಯ ಜನಸಂದಣಿ ಸುರಕ್ಷಿತವಾಗಿ ಬಂದು ಹೋಗೋ ವ್ಯವಸ್ಥೆ ಮೊದಲು ಆಗ್ಬೇಕು. ತಾರೀಕು ಸಿಕ್ಕಿದ್ರೆ ಕೆಲಸ ಆಗುತ್ತಲ್ಲ ಸರ್ ಅಂತ ನೀವು ಕೇಳಬಹುದು, ಅದಕ್ಕೆ ಉಪನಗರ ರೈಲು ನೋಡಿ. 148 ಕಿಲೋಮೀಟರ್, ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಯುತ್ತೆ ಅಂದ್ರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿತು, ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ, ಯಾವ ಬೀಗರೂ ಬರೋದಿರಲಿಲ್ಲ. ಆ ದಿನ ಸ್ಟೇಷನ್ ಬರಬೇಕಾಗಿದ್ದ ಜಾಗಕ್ಕೆ ಹೋಗಿ ನಿಂತು ತಾರೀಕು ಮುಗೀತು ಅಂತ ಕೇಳೋ ಜನ ನಾವಾಗಿದ್ರೆ, ಅದಕ್ಕೆ ಒಲಿಂಪಿಕ್ಸ್ ಕರ್ಕೊಂಡು ಬರೋ ಅಗತ್ಯ ನನಗಂತೂ ಕಾಣಲ್ಲ.